ಉದ್ದನೆಯ ಕುಣಿ

ನನಗೆ ಯಾರನ್ನೂ ಒಂದೇ ಮಾತಿಗೆ ನಂಬುವ ಅಭ್ಯಾಸವಿಲ್ಲ. "ಇಕಿ ಮುಂದ ದೇವರೇ ಬಂದು ನಿಂತ್ರೂ ರೇಷನ್ ಕಾರ್ಡ್ ತೋರ್ಸು ಅಂತಾಳ" ಎಂದು ಅವ್ವ ಬೈಯುತ್ತಿದ್ದಳು. ಬೈಯಲಿ ಬಿಡಿ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದೆ. ಅಲ್ಲಿ ಕೂತವರಿಗೆ ಊರಿನ ಸುಳ್ಳುಗಳೆಲ್ಲ ಪುಕ್ಕಟೆ. "ಬೀದರಿನ್ಯಾಗ ಇದೀನಿ, ಬಸ್ ಸಿಗವಲ್ದು" ಎಂದು ಹೆಂಡತಿಗೆ ಹೇಳುವವನು ನನ್ನ ಮೇಜಿಗೆ ಆತುಕೊಂಡು ಬಾಳೆಹಣ್ಣು ಸುಲಿಯುತ್ತಿರುತ್ತಿದ್ದ. ಸಾವಿನ ಸುದ್ದಿಯನ್ನಂತೂ ನಮ್ಮ ಕಡೆ ಫೋನಿನಲ್ಲಿ ಯಾರೂ ನೆಟ್ಟಗೆ ಹೇಳುವುದೇ ಇಲ್ಲ. "ಜರಾ ಸೀರಿಯಸ್ ಅದ, ಜಲ್ದಿ ಬರ್ರಿ" ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನಾನು ಕೇಳಿದವರಿಗೆ ಕುರ್ಚಿ ಸರಿಸಿಕೊಡುತ್ತಿದ್ದೆ.

ಅದೇ ಮಾತು ಒಂದು ದಿನ ನನಗೇ ಬಂತು.

ನನ್ನ ಅಕ್ಕನನ್ನು ಹುಮನಾಬಾದಿಗೆ ಕೊಟ್ಟಿದ್ದೆವು. ಅವಳ ಗಂಡನನ್ನು ನಾನು ಮಾಮಾ ಅನ್ನುತ್ತಿದ್ದೆ. ಮದುವೆಯಾದ ಮರುವರ್ಷವೇ ಆತ ವೆಲ್ಡಿಂಗ್ ಕೆಲಸಕ್ಕೆ ಮಸ್ಕತ್ತಿಗೆ ಹೋದ. ನಮ್ಮ ಜನಕ್ಕೆ ಸಮುದ್ರದ ಆಚೆಗಿನ ಎಲ್ಲವೂ ದುಬೈಯೇ, ಹಾಗಾಗಿ ಅಕ್ಕ "ದುಬೈದವರ ಹೆಂಡತಿ" ಆದಳು. ಎರಡು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ. ಮಕ್ಕಳಿರಲಿಲ್ಲ, ಅದಕ್ಕೂ ಓಣಿಯವರು ತಲೆಗೊಂದು ಕತೆ ಕಟ್ಟಿದ್ದರು. ಶುಕ್ರವಾರ ಅಲ್ಲಿ ರಜೆ. ಅವತ್ತು ಅಕ್ಕ ಹುಮನಾಬಾದಿನಿಂದ ಬಸ್ಸು ಹತ್ತಿ ಬಂದು ನನ್ನ ಬೂತಿನಲ್ಲಿ ಕೂತರೆ, ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬರುತ್ತಿತ್ತು. ನಾನು ಗಾಜಿನ ಬಾಗಿಲು ಹಾಕಿ ಹೊರಗೆ ಹೋಗಿ ನಿಲ್ಲುತ್ತಿದ್ದೆ. ನಂಬಿ, ಆ ಒಂದು ಫೋನನ್ನು ಮಾತ್ರ ನಾನು ಕದ್ದು ಕೇಳಿದವಳಲ್ಲ.

ಮಾಮಾನ ಎಡಗೈ ಕಿರುಬೆರಳು ಸೊಟ್ಟಗಿತ್ತು. ಸಣ್ಣವರಿದ್ದಾಗ ಆತನ ಅಣ್ಣ ಬಾಗಿಲು ಧಡಾರನೆ ಹಾಕಿ, ತಮ್ಮನ ಬೆರಳು ಸಂದಿಯಲ್ಲಿ ಸಿಕ್ಕು ಮುರಿದಿತ್ತಂತೆ. ಆಮೇಲೆ ಅದು ಮಡಚಲೇ ಇಲ್ಲ. ಪೂಜೆಗೆ ಕೂತು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಆ ಬೆರಳೊಂದು ಹೊರಗೆ ಚಾಚಿಕೊಂಡಿರುತ್ತಿತ್ತು. "ಇದು ನಮ್ಮಣ್ಣ ಹಾಕಿದ ಉಂಗುರ ನೋಡವ್ವ" ಎಂದು ಮಾಮಾ ಎಲ್ಲರ ಮುಂದೆ ತೋರಿಸುವನು. ಅಣ್ಣ ಎದ್ದು ಹೊರಗೆ ಹೋಗುವನು. ಆ ಅಣ್ಣನನ್ನು ನಾನು ದೊಡ್ಡಮಾಮಾ ಅನ್ನುತ್ತಿದ್ದೆ. ಮಾತು ಕಮ್ಮಿ, ಮೋರೆಯಲ್ಲಿ ಏನೂ ಕಾಣದ ಮನುಷ್ಯ. ಇಂಥವರನ್ನು ನಾನು ಎರಡು ಸಲ ನೋಡುತ್ತೇನೆ.

ಫೋನು ಬಂದದ್ದು ಶುಕ್ರವಾರವಲ್ಲ, ಮಂಗಳವಾರ. ಮಾಮಾನ ಕೋಣೆಯಲ್ಲೇ ಇದ್ದ ಮನ್ನಾಏಖೇಳ್ಳಿಯ ಹುಡುಗ ಮಾತಾಡಿದ. ಮುಸಲ್ಮಾನರವನು, ಮಾಮಾನಿಗಿಂತ ಚಿಕ್ಕವನು. "ಅಕ್ಕಾರ, ಭಾಯಿದು ತಬಿಯತ್ ಭಾಳ ಖರಾಬ್ ಅದರಿ. ದವಾಖಾನಿಗಿ ಒಯ್ದಾರ." ನಾನು ಏನಾಯಿತು ಎಂದು ಕೇಳುವಷ್ಟರಲ್ಲಿ ಲೈನು ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಗಂಟೆ ಬಾರಿಸಿತು. "ಅಕ್ಕಾರ, ಹೋಗಿಬಿಟ್ರು. ಮಲಗಿದ್ದಲ್ಲೇ. ಬೆಳಿಗ್ಗಿ ಎಬ್ಬಸಾಕ ಹೋದ್ರ ಏಳಲಿಲ್ಲ."

ಮಲಗಿದ್ದಲ್ಲೇ ಹೋಗಿದ್ದರೆ ಆಗ ದವಾಖಾನೆ ಎಲ್ಲಿಂದ ಬಂತು? ಕುರ್ಚಿ ಸರಿಸಿಕೊಡುವ ನಾನೇ, ನಮ್ಮವರು ಸಾವನ್ನು ಎರಡು ಕಂತಿನಲ್ಲಿ ಹೇಳುತ್ತಾರೆಂದು ಬಲ್ಲ ನಾನೇ, ಆ ಹುಡುಗನ ಮೇಲೆ ಹರಿಹಾಯ್ದೆ. "ಮೊದಲು ಸುಳ್ಳು ಹೇಳಿದಿ. ಈಗ ಖರೇ ಹೇಳಾಕತ್ತಿ ಅಂತ ನಾ ಹ್ಯಾಂಗ ನಂಬ್ಲಿ?" ಅವನು ಅಳುತ್ತಿದ್ದ. ಅಳುವುದು ಯಾರಿಗೆ ಬರುವುದಿಲ್ಲ?

ಬೂತಿಗೆ ಬೀಗ ಹಾಕಿ ಹುಮನಾಬಾದಿನ ಬಸ್ಸು ಹಿಡಿದೆ. ಅಕ್ಕ ಅಂಗಳದಲ್ಲಿ ತೊಗರಿ ಒಣಹಾಕುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಕೈ ಆಡಿಸುತ್ತಲೇ ಇದ್ದಳು. ಆಮೇಲೆ ಕೇಳಿದಳು, "ನೀ ಅವರ ದನಿ ಕೇಳಿದೇನು?"

"ಇಲ್ಲ."

"ಮತ್ತ? ಯಾವನೋ ಹೇಳಿದ್ದಕ್ಕ ನಾ ಬಳಿ ಒಡಕೋಬೇಕೇನು? ನನ್ನ ಮುಂದ ತಂದು ಇಡ್ರಿ. ಮುಖ ನೋಡ್ತೀನಿ, ಕೈಯಾಗ ಲಿಂಗ ಇಡ್ತೀನಿ. ಆಮ್ಯಾಲ ನೀವು ಹೇಳಿದ್ದು ಕೇಳ್ತೀನಿ."

ಅಷ್ಟೇ ಅವಳ ಮಾತು. ಓಣಿಯ ಹೆಂಗಸರು ಬಂದು ಕೊರಳಿಗೆ ಬಿದ್ದು ಅತ್ತರು, ಇವಳು ಅವರ ಕೈಗೆ ನೀರಿನ ತಂಬಿಗೆ ಕೊಟ್ಟಳು. ಹಣೆಯ ಕುಂಕುಮ ಒರೆಸಲು ಬಂದ ಮುದುಕಿಯ ಕೈ ಹಿಡಿದು ಹೊಸ್ತಿಲ ಆಚೆ ಬಿಟ್ಟು ಬಂದಳು. ನನಗೆ ಒಳಗೊಳಗೇ ಖುಷಿಯಾಯಿತು. ನಾನೊಬ್ಬಳೇ ಅಲ್ಲ, ನನ್ನ ಅಕ್ಕನೂ ನಂಬಿಲ್ಲ ಎಂದು ಧೈರ್ಯ ಬಂತು.

ಎರಡನೆಯ ದಿನ ದೊಡ್ಡಮಾಮಾ ಒಂದು ಮಾತು ಆಡಿದ. "ಅಲ್ಲೇ ಮುಗಿಸ್ಲಿ ಬಿಡ್ರಿ. ಇಷ್ಟು ದೂರ ತಂದು ಏನ್ ಮಾಡೋದದ?"

ನನ್ನ ಮೈ ಉರಿಯಿತು. ಅಲ್ಲಿ ನಮ್ಮ ಕಡೆಯವರನ್ನು ಸುಡುತ್ತಾರೆ ಎಂದು ಆ ಹುಡುಗನೇ ಹೇಳಿದ್ದ. ನಾವು ಲಿಂಗಾಯತರು, ಸುಡುವವರಲ್ಲ. ಮಲಗಿಸಿ ಹೂಳುವವರೂ ಅಲ್ಲ. ಸತ್ತವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಬದುಕಿದ್ದಾಗ ಪೂಜೆಗೆ ಕೂತ ಹಾಗೆ ಕೂರಿಸಿ, ಕೊರಳಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣಿಗೆ ಒಪ್ಪಿಸುತ್ತೇವೆ. ಒಡಹುಟ್ಟಿದ ತಮ್ಮನನ್ನು ಪರದೇಶದಲ್ಲಿ ಸುಟ್ಟುಬಿಡಿ ಎನ್ನುವ ಅಣ್ಣ ಎಂಥವನು? "ಯಾಕ್ರಿ ದೊಡ್ಡಮಾಮಾ, ಬಂದ್ರ ಏನರ ತೊಂದರಿ ಅದೇನು ನಿಮಗ?" ಎಂದು ಕೇಳಿಯೇಬಿಟ್ಟೆ. ಆತ ನನ್ನನ್ನು ನೋಡದೆ ರುಮಾಲು ಕೊಡವಿಕೊಂಡು ಎದ್ದುಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವತ್ತಿನಿಂದ ನನ್ನ ಕಣ್ಣು ಆತನ ಮೇಲೆ.

ಆತ ಹೇಳಿದಂತೆ ಆಗಲಿಲ್ಲ. ದೇಹ ಕಳಿಸಬೇಕೆಂದು ಅಕ್ಕ ಹೇಳಿದಳು, ಇಂಗ್ಲಿಷಿನಲ್ಲಿ ನಾನು ಬರೆದೆ, ಅಕ್ಕ ಕೆಳಗೆ ಸಹಿ ಹಾಕಿದಳು. ಆಮೇಲೆ ಕಾಯುವುದು. ಅಲ್ಲಿಯ ಪೊಲೀಸರು, ಅಲ್ಲಿಯ ಆಸ್ಪತ್ರೆ, ನಮ್ಮ ಎಂಬಸಿ, ಕಂಪನಿ; ಒಬ್ಬರದಾದರೆ ಇನ್ನೊಬ್ಬರದಿಲ್ಲ. ವಾರಗಳು ಉರುಳಿದವು. ಬೂತಿನ ಫ್ಯಾಕ್ಸಿಗೆ ಒಂದು ದಿನ ಪಾಸ್‌ಪೋರ್ಟಿನ ನಕಲು ಬಂತು. ಫೋಟೋ ಇರುವಲ್ಲಿ ಬರೀ ಕರಿ ಮಸಿ, ಎರಡು ಕಿವಿ. "ಇದು ಯಾರರ ಇರಬಹುದು" ಎಂದೆ. ಅಕ್ಕ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಹೂಂ, ಯಾರರ ಇರಬಹುದು" ಎಂದಳು.

ಊರಿನ ಬಾಯಿಗೆ ಬೀಗವಿದೆಯೇ? ಆತ ಅಲ್ಲಿ ಇನ್ನೊಂದು ಸಂಸಾರ ಮಾಡಿದ್ದಾನೆ, ಇದೆಲ್ಲ ತಪ್ಪಿಸಿಕೊಳ್ಳುವ ನಾಟಕ ಎಂದು ಒಬ್ಬರು. ಜೈಲಿನಲ್ಲಿದ್ದಾನೆ ಎಂದು ಒಬ್ಬರು. ಪೆಟ್ಟಿಗೆಯಲ್ಲಿ ಬೇರೆ ಯಾರದೋ ಹೆಣ ಹಾಕಿ ಕಳಿಸಿಬಿಡುತ್ತಾರೆ, ಮಹಾರಾಷ್ಟ್ರದ ಗಡಿಯ ಊರಲ್ಲಿ ಹಾಗೇ ಆಗಿತ್ತು ಎಂದು ಮಾಣಿಕನಗರದ ಬಳೆಗಾರ್ತಿ. ಬೇರೆ ಹೊತ್ತಿನಲ್ಲಾದರೆ ಇಂಥವರ ನಾಲಿಗೆ ಕೀಳುತ್ತಿದ್ದೆ. ಈಗ ಒಂದೊಂದನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಅಕ್ಕನ ಹತ್ತಿರ ಒಯ್ಯುತ್ತಿದ್ದೆ. ಮೋಸಗಾರನಾಗಿಯಾದರೂ ಇರಲಿ, ಕಳ್ಳನಾಗಿಯಾದರೂ ಇರಲಿ, ಆತ ಇದ್ದರೆ ಸಾಕಾಗಿತ್ತು ನನಗೆ. ಅಕ್ಕ ಎಲ್ಲ ಕೇಳಿಸಿಕೊಳ್ಳುವಳು. ಶುಕ್ರವಾರ ಮಾತ್ರ ಬಸ್ಸು ಹತ್ತಿ ಬೂತಿಗೆ ಬರುವುದನ್ನು ಬಿಡಲಿಲ್ಲ.

ಕೊನೆಗೆ ಹೈದರಾಬಾದಿಗೆ ವಿಮಾನದಲ್ಲಿ ಬರುತ್ತದೆ ಎಂದು ಸುದ್ದಿ ಬಂತು. ತರಲು ಯಾರು ಹೋಗಬೇಕು? ಅಣ್ಣನೇ ಹೋಗಬೇಕಲ್ಲ? ದೊಡ್ಡಮಾಮಾ, "ನಾ ಇಲ್ಲೇ ಹೊಲದಾಗಿನ ವ್ಯವಸ್ಥಾ ನೋಡ್ತೀನಿ, ನೀವು ಹೋಗಿ ಬರ್ರಿ" ಎಂದು ನಮ್ಮಪ್ಪನನ್ನು ಕಳಿಸಿದ. ನೋಡಿದಿರಾ? ಇಂಗ್ಲಿಷ್ ಕಾಗದ ಓದಲು ಬೇಕೆಂದು ಅಪ್ಪನ ಜೊತೆ ನಾನೂ ಹೊರಟೆ. ಹೊರಡುವಾಗ ಅಕ್ಕ ನನ್ನ ಕೈ ಹಿಡಿದು, "ಅವರು ಹೌದೋ ಅಲ್ಲೋ, ನೋಡ್ಕೊಂಡೇ ತಗೋ" ಎಂದಳು.

ನೋಡುವುದೆಲ್ಲಿಂದ? ಸಾಮಾನು ಇಳಿಸುವ ಗೋದಾಮಿನಲ್ಲಿ, ಟಿವಿ ಡಬ್ಬಿಗಳ ಪಕ್ಕದಲ್ಲಿ ಒಂದು ಉದ್ದನೆಯ ಮರದ ಪೆಟ್ಟಿಗೆ ಇತ್ತು. ಮೇಲೆ ಮಾಮಾನ ಹೆಸರು. ಒಳಗೆ ತಗಡು ಬೆಸೆದಿದ್ದಾರೆ, ತೆರೆಯಬೇಡಿ ಎಂದರು. "ತೆರೀದ ಹ್ಯಾಂಗ ಗುರುತು ಹಿಡಿಯೋದ್ರಿ?" ಎಂದು ಕೇಳಿದರೆ, ಅಲ್ಲಿಯ ಗುಮಾಸ್ತ ಕಾಗದದ ಮೇಲೆ ಬೆರಳಿಟ್ಟು ಸಹಿ ತೋರಿಸಿದ. ಅಪ್ಪ ಪೆಟ್ಟಿಗೆಯ ಮೇಲೆ ಕೈ ಇಟ್ಟು "ಶಿವಾ" ಎಂದ. ನನಗೆ ಅಳು ಬರಲಿಲ್ಲ. ಮರಕ್ಕೆ ಯಾರು ಅಳುತ್ತಾರೆ?

ಬಾಡಿಗೆಯ ಮೆಟಡೋರಿನಲ್ಲಿ ಪೆಟ್ಟಿಗೆ ಹಾಕಿಕೊಂಡು ಹೊರಟೆವು. ಮನ್ನಾಏಖೇಳ್ಳಿಯಲ್ಲಿ ರಸ್ತೆಗೆ ಅಡ್ಡವಾಗಿ ಒಬ್ಬ ಮುದುಕ ಕೈ ಎತ್ತಿ ನಿಂತಿದ್ದ. ಫೋನು ಮಾಡಿದ ಹುಡುಗನ ತಂದೆ, ಮಗ ಹೇಳಿದ್ದಕ್ಕೆ ನಮ್ಮ ಗಾಡಿಗಾಗಿ ಕಾಯುತ್ತಿದ್ದನಂತೆ. ಗಾಡಿಯ ಹಿಂದೆ ಹೋಗಿ ಪೆಟ್ಟಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ನನಗೆ ಬಿಳಿ ಕರವಸ್ತ್ರದ ಒಂದು ಗಂಟು ಕೊಟ್ಟ. "ಬೇಟಾ ಊರಿಗಿ ಬರೋರ ಕೈಯಾಗ ಕಳಸ್ಯಾನ್ರಿ. ದವಾಖಾನ್ಯಾಗ ಮೈಮ್ಯಾಗಿಂದು ಎಲ್ಲಾ ತೆಗೀತಾರಂತ. ಇದು ಕಳೀಬಾರದು, ಅವರ ಮನಿಯವರ ಕೈಗೇ ಮುಟ್ಟಸ್ರಿ ಅಂದಾನ."

ಒಳಗೆ ಮಾಮಾ ಕೊರಳಲ್ಲಿ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಅದನ್ನು ಕಂಡದ್ದೇ ನನ್ನ ಬುದ್ಧಿ ಮತ್ತೆ ಅದೇ ಹಾದಿ ಹಿಡಿಯಿತು. ಲಿಂಗ ಬೇರೆ ಬಂದಿದೆ, ದೇಹ ಬೇರೆ ಬಂದಿದೆ. ಇದು ಆತನದು ಸರಿ. ಪೆಟ್ಟಿಗೆಯಲ್ಲಿರುವುದು ಆತನೇ ಎಂದು ಯಾರು ಹೇಳಬೇಕು? ಲಿಂಗ ಬಿಚ್ಚಿಟ್ಟು ಎಲ್ಲಿಗೋ ಹೋಗಿರಬಾರದೇಕೆ? "ನಿಮ್ಮ ಮಗ ಕಣ್ಣಾರೆ ನೋಡ್ಯಾನೇನ್ರಿ?" ಎಂದು ಜೋರಾಗಿಯೇ ಕೇಳಿದೆ. ಮುದುಕ, "ನೋಡ್ಯಾನವ್ವಾ. ಅದಕ್ಕೇ ಅವನಿಗಿ ನಿದ್ದಿ ಬರವಲ್ದಂತ" ಎಂದ. ಅಪ್ಪ ನನ್ನ ತೋಳು ಹಿಡಿದು ಗಾಡಿ ಹತ್ತಿಸಿದ.

ಹುಮನಾಬಾದ್ ಸೇರುವ ಮೊದಲೇ ಹೆದ್ದಾರಿಗೆ ಹತ್ತಿಕೊಂಡೇ ಅವರ ಹೊಲ. ಹೊಲದ ಬದುವಿನ ಬೇವಿನ ಮರದ ಹತ್ತಿರ ಇಬ್ಬರು ಕುಣಿ ತೋಡುತ್ತಿದ್ದರು. ಹೋಗುವ ಗಾಡಿಯಿಂದಲೇ ಕಂಡಿತು: ಕುಣಿ ಉದ್ದಕ್ಕಿತ್ತು.

"ನಿಲ್ಸ್ರಿ ಗಾಡಿ!"

ನಮ್ಮವರ ಕುಣಿ ಚೌಕ. ಇಳಿಯಲು ಮೆಟ್ಟಿಲು, ಗೋಡೆಯಲ್ಲಿ ಕೂರಿಸಲು ಒಂದು ಗೂಡು. ಅಜ್ಜನದು, ಅಜ್ಜಿಯದು ನೋಡಿದ್ದೇನೆ. ಇದು ಮಂಚದ ಹಾಗೆ ಉದ್ದ. ತೋಡುತ್ತಿದ್ದವನನ್ನು ಕೇಳಿದರೆ ಸಲಿಕೆ ಊರಿ ನಿಂತ. "ನಮಗೂ ಹೊಸದೇ ಅನಿಸ್ತ್ರಿ. ನಿಮ್ಮೋರು ಕುಂದ್ರಸ್ತಾರಲ್ರಿ ಅಂದ್ರ, ಸಾವ್ಕಾರ್ರು, ಹಿಂಗೇ ತೋಡ್ರಿ, ಪೆಟ್ಟಿಗಿ ಸೈತ ಇಳಸೋದದ ಅಂದ್ರು."

ಪೆಟ್ಟಿಗೆ ಸಮೇತ! ತೆರೆಯದೆ! ತರಲಿಕ್ಕೇ ಬೇಡವೆಂದಿದ್ದವನು, ವಿಮಾನ ನಿಲ್ದಾಣಕ್ಕೆ ಬಾರದವನು, ಈಗ ಮುಚ್ಚಿದ್ದನ್ನು ಮುಚ್ಚಿದಂತೆಯೇ ಹೂಳಲು ಹೊರಟಿದ್ದಾನೆ. ನನಗೆ ಎಲ್ಲ ಹಗಲಿನಷ್ಟು ಸ್ಪಷ್ಟವಾಯಿತು. ಪೆಟ್ಟಿಗೆಯಲ್ಲಿ ಮಾಮಾ ಇಲ್ಲ. ಅದು ಈತನಿಗೆ ಗೊತ್ತು.

ಮನೆಯ ಅಂಗಳದಲ್ಲಿ ಪೆಟ್ಟಿಗೆ ಇಳಿಸಿದ ಕೂಡಲೇ, ನೆರೆದ ಜನರ ಮುಂದೆಯೇ ಒದರಿದೆ. "ಅಕ್ಕಾ, ಉದ್ದನ್ನ ಕುಣಿ ತೋಡಸ್ಯಾರ! ನಿನಗ ಮುಖ ತೋರಸಂಗಿಲ್ಲಂತ!" ಹಿರಿಯರು ಗುಜುಗುಜು ಮಾಡಿದರು. ದೊಡ್ಡಮಾಮಾ ತಲೆ ಎತ್ತಲಿಲ್ಲ. "ತೆರೀಬಾರದಂತ ಹೇಳಿ ಕಳಸ್ಯಾರ. ಭಾಳ ದಿನ ಆಗ್ಯಾವ. ಔಷಧ ಹಾಕಿರ್ತಾರ. ಹೆಣ್ಮಕ್ಳು ನೋಡೋದು ಬ್ಯಾಡ." ದನಿ ಒಣಗಿತ್ತು. ಸುಳ್ಳು ಹೇಳುವವರ ದನಿ ಮೊದಲು ಒಣಗುತ್ತದೆ, ಬೂತಿನಲ್ಲಿ ಕಲಿತ ಪಾಠ.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ವಯಸ್ಸಾದವರು. "ಲಿಂಗ ಕೈಯಾಗ ಇಡದ ಹ್ಯಾಂಗ ಒಪ್ಪಸೋದಪ್ಪಾ? ಪೆಟ್ಟಿಗಿ ಮ್ಯಾಲ ಇಟ್ರ ಕಟಗಿಗೆ ಇಟ್ಟಂಗ" ಎಂದರು.

ಅಕ್ಕ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. "ತೆಗೀರಿ" ಎಂದಳು, ಅಷ್ಟೇ.

ಪೇಟೆಯಿಂದ ಟ್ರಂಕು ಮಾಡುವವನನ್ನು ಕರೆಸಿದರು. ಹಲಗೆ ಕಿತ್ತರು, ಅವನು ಕತ್ತರಿಯಿಂದ ತಗಡು ಸೀಳಿದ. ಔಷಧದ ಘಾಟು ಅಂಗಳವೆಲ್ಲ ತುಂಬಿತು, ಹೆಂಗಸರು ಸೆರಗು ಮುಚ್ಚಿಕೊಂಡು ಹಿಂದೆ ಸರಿದರು. ನಾನೂ ಅಕ್ಕನೂ ಸರಿಯಲಿಲ್ಲ. ಬಿಳಿ ಬಟ್ಟೆ ಸರಿಸಿದರು.

ಕಪ್ಪಿಟ್ಟು ಬಾತ ಮುಖ. ಕೆನ್ನೆ ಬೇರೆ, ಮೂಗು ಬೇರೆ. ಹೋದ ಸಲ ಬಂದಾಗ ಇದ್ದ ಮಾಮಾನ ದಪ್ಪ ಮೀಸೆ ಇಲ್ಲವೇ ಇಲ್ಲ.

"ಅಲ್ಲ! ಅವರಲ್ಲ!" ಎಂದು ಕೂಗಿದೆ. ಯವ್ವಾ, ಆ ಖುಷಿಯನ್ನು ಹೇಗೆ ಹೇಳಲಿ! ಹೆಣದ ಮುಂದೆ ನಿಂತು ನನಗೆ ಕುಣಿಯಬೇಕೆನಿಸಿತು. ಜನರೂ "ಹೌದು, ಅವನಲ್ಲ, ಅವನಂಗ ಕಾಣವಲ್ದು" ಎನ್ನತೊಡಗಿದರು. ನಮ್ಮಪ್ಪನ ಮುಖದಲ್ಲಿಯೂ ಜೀವ ಬಂತು. ಅಕ್ಕನ ಕಡೆ ನೋಡಿದೆ. ಅವಳು ಮುಖ ನೋಡುತ್ತಿರಲಿಲ್ಲ. ದೊಡ್ಡಮಾಮಾನನ್ನು ನೋಡುತ್ತಿದ್ದಳು.

ದೊಡ್ಡಮಾಮಾ ಮೊಣಕಾಲೂರಿ ಕೂತು, ಬಟ್ಟೆಯ ಒಳಗೆ ಕೈ ಹಾಕಿ, ಎಡಗೈಯನ್ನು ಹೊರಗೆ ತೆಗೆದಿದ್ದ. ನಾಲ್ಕು ಬೆರಳು ಒಳಕ್ಕೆ ಬಾಗಿದ್ದವು. ಕಿರುಬೆರಳೊಂದು ಸೊಟ್ಟಗೆ ಹೊರಗೆ ಚಾಚಿಕೊಂಡಿತ್ತು. ಆ ಮನುಷ್ಯ ಅದನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡ. ಜನ ಇನ್ನೂ "ಅವನಲ್ಲ" ಎನ್ನುತ್ತಲೇ ಇದ್ದರು.

"ಬಿಡ್ರಿ ಭಾವಾ, ನಾ ನೋಡಿದೆ" ಎಂದಳು ಅಕ್ಕ. ಗಂಡನ ಅಣ್ಣನ ಎದುರು ಅವಳು ಅಷ್ಟು ದಿನ ಸೆರಗು ಇಳಿಸಿ ಮಾತಾಡಿದವಳಲ್ಲ. ಪಕ್ಕದಲ್ಲಿ ಕೂತು, ಆತನ ಮುಷ್ಟಿ ಬಿಡಿಸಿ, ಲಿಂಗವನ್ನು ಗಂಡನ ಅಂಗೈಯಲ್ಲಿ ಇಟ್ಟಳು. ಆಮೇಲೆ ತಾನೇ ಕೈಬಳೆಗಳನ್ನು ಒಂದೊಂದಾಗಿ ಕಳಚಿ ನೆಲದ ಮೇಲಿಟ್ಟಳು. ಒಡೆಯಲು ಯಾರಿಗೂ ಬಿಡಲಿಲ್ಲ. ನಾನು ಆಗ ಅತ್ತೆ. ವಾರಗಟ್ಟಲೆಯ ಅಳುವೆಲ್ಲ ಒಟ್ಟಿಗೆ ಬಂತು, ಅವ್ವ ನನ್ನನ್ನು ಎತ್ತಿ ಒಳಗೆ ಒಯ್ದಳಂತೆ.

ದೇಹ ಸೆಟೆದಿತ್ತು, ನೆಟ್ಟಗೆ ಕೂರಿಸಲು ಆಗಲಿಲ್ಲ. ಕುಣಿ ತೋಡಿದವರೇ ಒಂದು ತುದಿಗೆ ಮಣ್ಣು ಏರಿಸಿ ಇಳಿಜಾರು ಮಾಡಿದರು. ಅದಕ್ಕೆ ಆನಿಸಿ ಕೂರಿಸಿದೆವು. ಉಂಡ ಮೇಲೆ ಗೋಡೆಗೆ ಆತುಕೊಂಡು ಮಾಮಾ ಹಾಗೇ ಕೂರುತ್ತಿದ್ದ. ಅಯ್ಯನವರು ಆಗಬಹುದು ಎಂದರು. ವಿಭೂತಿ, ಪತ್ರಿ, ಆಮೇಲೆ ಮಣ್ಣು.

ಎಲ್ಲ ಮುಗಿದು ಹೊಲದ ಬಾವಿಯ ಹತ್ತಿರ ನೀರು ಹಾಕಿಕೊಂಡು ಕೂತಿದ್ದೆವು. ನನಗೆ ಸುಮ್ಮನಿರಲು ಬರುವುದಿಲ್ಲ. "ದೊಡ್ಡಮಾಮಾ, ನಿಮಗ ಎಲ್ಲಾ ಗೊತ್ತಿತ್ತೇನು? ಯಾಕ ಮುಚ್ಚಿ ಹೂಳಾಕ ನೋಡಿದ್ರಿ?" ಎಂದು ಕೇಳಿದೆ.

ಆತ ಒದ್ದೆ ರುಮಾಲು ಹಿಂಡುತ್ತಿದ್ದವನು ನಿಲ್ಲಿಸಿದ. "ನನಗೇನು ಗೊತ್ತಿತ್ತವ್ವಾ? ನಿಮ್ಮಷ್ಟೇ. ಪೆಟ್ಟಿಗಿ ತೆಗೀದ ಇದ್ದಿದ್ರ ಅವ ಅಲ್ಲ ಅಂತ ಅನ್ಕೊಂಡಿರಬಹುದಿತ್ತು. ಎಲ್ಲೋ ಅದಾನ, ಎಂದರ ಬರ್ತಾನ ಅಂತ ಸಾಯೋತನಕ ಹಾದಿ ನೋಡ್ಕೋತ ಇರ್ತಿದ್ದೆ. ಅಕಿನೂ ಇರ್ತಿದ್ಲು."

ಆ ಮನುಷ್ಯ ನನಗಿಂತ ದೊಡ್ಡ ಸಂಶಯದವನಾಗಿದ್ದ.

ಅಕ್ಕ ಒದ್ದೆ ಸೀರೆಯ ನೆರಿಗೆ ಹಿಂಡಿಕೊಳ್ಳುತ್ತ, ಆಚೆ ಬೇವಿನ ಮರದ ಬುಡದ ಹಸಿ ಮಣ್ಣಿನ ಕಡೆ ನೋಡಿದಳು. "ಮದುವಿಯಾದಾಗಿಂದ ನಾ ಅದನ್ನೇ ಮಾಡೀನಿ ಭಾವಾ, ಹಾದಿ ನೋಡೋದು. ಸಾಕಾಗೇದ" ಎಂದಳು. "ಇನ್ನ ಯಾರರ ನನ್ನ ಕೇಳಿದ್ರ, ನನ್ನ ಗಂಡ ಎಲ್ಲಿ ಅದಾನಂತ ನನಗ ಗೊತ್ತದ."